ಪಿಎಚ್.ಡಿ. ಮುಗಿದ ಮೇಲೆ ಅಡ್ಡಿ ಬರುವುದು ಎಲ್ಲಿಂದ?

ಪ್ರಶ್ನೆ
ರಸಾಯನಶಾಸ್ತ್ರದಲ್ಲಿ ನನ್ನ ಪಿಎಚ್.ಡಿ. ಇನ್ನು ಆರು ತಿಂಗಳಲ್ಲಿ ಮುಗಿಯಲಿದೆ. ಸ್ನಾತಕೋತ್ತರ ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹುಡುಗಿಯರೇ ಇದ್ದೆವು. ಈಗ ಅರ್ಜಿ ಹಾಕುತ್ತಿರುವ ವಿಭಾಗಗಳ ಅಧ್ಯಾಪಕರ ಪಟ್ಟಿ ನೋಡಿದರೆ ಹೆಣ್ಣು ಹೆಸರು ಒಂದೋ ಎರಡೋ ಸಿಗುತ್ತವೆ. ಕಳೆದ ವಾರ ಪೋಸ್ಟ್‌ಡಾಕ್ (ಪಿಎಚ್.ಡಿ. ನಂತರದ ತಾತ್ಕಾಲಿಕ ಸಂಶೋಧನಾ ಹುದ್ದೆ) ಸಂದರ್ಶನದಲ್ಲಿ ಸಂಶೋಧನೆಯ ಬಗ್ಗೆ ಹತ್ತು ನಿಮಿಷ ಮಾತಾಡಿದ ಬಳಿಕ, ಪತಿಯ ಕೆಲಸ ಯಾವ ಊರಿನಲ್ಲಿ, ಮಕ್ಕಳ ಯೋಚನೆ ಏನು ಎಂದು ವಿಚಾರಿಸಿದರು. ಅದೇ ಸಂದರ್ಶನಕ್ಕೆ ಬಂದಿದ್ದ ವಿವಾಹಿತ ಪುರುಷ ಸಹಪಾಠಿಯನ್ನು ಯಾರೂ ಹಾಗೆ ಕೇಳಲಿಲ್ಲ. ಅಡ್ಡಿ ಇರುವುದು ಆಯ್ಕೆ ಮಾಡುವವರ ಮನಸ್ಸಿನಲ್ಲೋ, ವೃತ್ತಿಯ ನಿಯಮಗಳಲ್ಲೋ? ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1
ಮನಸ್ಸಿನಲ್ಲಿರುವುದನ್ನು ಅಳೆದೇ ನೋಡಿದ್ದಾರೆ. 2012ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಪ್ರಯೋಗಾಲಯದ ವ್ಯವಸ್ಥಾಪಕ ಹುದ್ದೆಗೆಂದು ಬರೆದ ಒಂದೇ ಅರ್ಜಿಯನ್ನು 127 ವಿಜ್ಞಾನ ಅಧ್ಯಾಪಕರ ಮುಂದಿಟ್ಟರು. ಕೆಲವರ ಪ್ರತಿಯಲ್ಲಿ ಅಭ್ಯರ್ಥಿಯ ಹೆಸರು ಜಾನ್, ಉಳಿದವರ ಪ್ರತಿಯಲ್ಲಿ ಜೆನ್ನಿಫರ್. ಜಾನ್ ಹೆಸರು ಕಂಡವರು ಸರಾಸರಿ 30,238 ಡಾಲರ್ ವಾರ್ಷಿಕ ವೇತನ ಸೂಚಿಸಿದರೆ, ಜೆನ್ನಿಫರ್ ಹೆಸರು ಕಂಡವರು 26,508 ಸಾಕೆಂದರು. ಅಧ್ಯಾಪಕಿಯರ ತೀರ್ಮಾನವೂ ಬೇರೆಯಾಗಿರಲಿಲ್ಲ. ಹೀಗಾಗಿ ಆಯ್ಕೆ ಸಮಿತಿಗೆ ಒಬ್ಬ ಮಹಿಳೆಯನ್ನು ಸೇರಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ನನಗಿಲ್ಲ.

ಉತ್ತರ 2
ನನ್ನ ದಾರಿಗೆ ಅಡ್ಡ ಬಂದದ್ದು ಕಾಳಜಿ. ಗರ್ಭಿಣಿಯೆಂದು ತಿಳಿಸಿದ ದಿನವೇ ಮಾರ್ಗದರ್ಶಕರು ಎಕ್ಸ್-ರೇ ಉಪಕರಣದ ಕೋಣೆಯ ಬೀಗದ ಕೈಯನ್ನು, “ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ” ಎಂದು ಹಿಂದಕ್ಕೆ ಪಡೆದರು. ಎಚ್ಚರಿಕೆ ತಪ್ಪಲ್ಲ, ಆದರೆ ದತ್ತಾಂಶದ ವಿಶ್ಲೇಷಣೆಯನ್ನು ಮೇಜಿನ ಮುಂದೆ ಕುಳಿತು ನಾನೇ ಮಾಡಬಹುದಿತ್ತು, ಅದನ್ನು ಯಾರೂ ಕೇಳಲಿಲ್ಲ. ಏಳು ತಿಂಗಳ ನಂತರ ಮರಳಿದಾಗ ಪ್ರಯೋಗದ ದಾಖಲೆ ಪುಸ್ತಕದಲ್ಲಿ ನನ್ನ ಕೈಬರಹ ನಿಂತಲ್ಲಿಂದ ಇನ್ನೊಬ್ಬರದು ಶುರುವಾಗಿತ್ತು, ಪ್ರಬಂಧದ ಮೊದಲ ಹೆಸರೂ ಅವರದೇ ಆಗಿತ್ತು. ಮುಂದಿನ ಅರ್ಜಿಗಳಲ್ಲಿ ಆ ವರ್ಷ ಬರೀ ಖಾಲಿ.

ನಿಯಮಗಳ ಮಾತು ಹಳೆಯದು. ಪತಿ ಕೆಲಸ ಮಾಡುವ ಸಂಸ್ಥೆಯಲ್ಲಿ ಪತ್ನಿಗೆ ಹುದ್ದೆ ಕೊಡಬಾರದೆಂಬ ಕಟ್ಟಳೆಗಳ ಕಾಲದಲ್ಲಿ ಭೌತವಿಜ್ಞಾನಿ ಮರಿಯಾ ಗೋಪರ್ಟ್ ಮೇಯರ್ ವರ್ಷಗಟ್ಟಲೆ ವಿಶ್ವವಿದ್ಯಾಲಯದ ವೇತನವಿಲ್ಲದೆ ದುಡಿದರು. ಪರಮಾಣು ಬೀಜದೊಳಗಿನ ಕಣಗಳು ಪದರಪದರವಾಗಿ ಜೋಡಣೆಗೊಂಡಿವೆ ಎಂದು ವಿವರಿಸುವ ಕವಚ ಮಾದರಿಯನ್ನು ರೂಪಿಸಿದ್ದು ಆ ಸ್ಥಿತಿಯಲ್ಲೇ. ಪೂರ್ಣ ಪ್ರಾಧ್ಯಾಪಕ ಹುದ್ದೆ ಸಿಕ್ಕಿದ್ದು 1960ರಲ್ಲಿ, ನೊಬೆಲ್ ಬಂದದ್ದು 1963ರಲ್ಲಿ.

ಉತ್ತರ 3
ನಾನು ಮೆಕ್ಯಾನಿಕಲ್ ಎಂಜಿನಿಯರ್. ಇಷ್ಟು ಗಂಭೀರವಲ್ಲದ ಒಂದು ಮಾತು: ಮೂರು ವರ್ಷ ಗಂಡಸರ ಅಳತೆಯ, ನನ್ನ ಕೈಗೆ ದೊಡ್ಡದಾದ ಸುರಕ್ಷಾ ಕೈಗವಸು ತೊಟ್ಟು ಸಣ್ಣ ಸ್ಕ್ರೂ ಬಿಗಿಗೊಳಿಸಿದ್ದೇನೆ, ಸ್ಕ್ರೂ ಜಾರಿ ಬಿದ್ದಾಗಲೆಲ್ಲ “ಕೈ ಪಳಗಿಲ್ಲ” ಎನ್ನಿಸಿಕೊಂಡಿದ್ದೇನೆ.

ಉತ್ತರ 4
ನಿಯಮಗಳನ್ನು ಬದಲಿಸಬಹುದು ಎಂಬುದಕ್ಕೆ ಉದಾಹರಣೆಯಿದೆ. ಪಿಎಚ್.ಡಿ. ನಂತರ ಇಂತಿಷ್ಟೇ ವರ್ಷಗಳೊಳಗೆ ಸಂಶೋಧನಾ ಅನುದಾನಕ್ಕೆ ಅರ್ಜಿ ಹಾಕಬೇಕೆಂಬ ಮಿತಿಯನ್ನು ಯುರೋಪಿಯನ್ ಸಂಶೋಧನಾ ಮಂಡಳಿಯು ತಾಯಂದಿರಿಗೆ ಪ್ರತಿ ಮಗುವಿಗೆ 18 ತಿಂಗಳು ವಿಸ್ತರಿಸುತ್ತದೆ. ನೀವು ಅರ್ಜಿ ಹಾಕುವ ಕಡೆಗಳಲ್ಲಿ ಅಂಥ ವಿಸ್ತರಣೆ ಇದೆಯೇ, ರಜೆಯ ಅವಧಿಯಲ್ಲಿ ನಿಮ್ಮ ಯೋಜನೆ ಯಾರ ಹೆಸರಿನಲ್ಲಿರುತ್ತದೆ ಎಂಬುದನ್ನು ಒಪ್ಪಿಕೊಳ್ಳುವ ಮೊದಲೇ ಇಮೇಲ್‌ನಲ್ಲಿ ಕೇಳಿ, ಉತ್ತರವನ್ನು ಜೋಪಾನವಾಗಿಡಿ.