ಕುಡಿತ ಬಿಟ್ಟವರಿಗೆ ನಗರಸಭೆ ಏನು ಮಾಡಬಹುದು? ಡೊಳ್ಳಿನ ತಾಲೀಮಿಗೆ ದುಡ್ಡು ಕೊಡಬಹುದಾ?

ಪ್ರಶ್ನೆ (ನಗರಸಭೆ ಸದಸ್ಯೆ, ಹಾವೇರಿ ಜಿಲ್ಲೆ):
ನಮಸ್ಕಾರ ಮೇಡಂ. ಹೋದ ವರ್ಷ ನಮ್ಮ ವಾರ್ಡಿನಲ್ಲಿ ಕುಡಿತ ಬಿಡಿಸುವ ಶಿಬಿರ ಮಾಡಿಸಿದೆವು. ಬಹಳ ಜನ ಮತ್ತೆ ಶುರು ಮಾಡಿದ್ದಾರೆ. ಇನ್ನೊಂದು ಶಿಬಿರ ಮಾಡಿಸಿ ಅಂತ ಹೆಣ್ಣುಮಕ್ಕಳು ಕೇಳುತ್ತಿದ್ದಾರೆ. ಅತ್ತ ಡೊಳ್ಳಿನ ಮೇಳದವರು ತಾಲೀಮಿಗೆ ಜಾಗ, ವಾದ್ಯ ಕೊಡಿ ಅನ್ನುತ್ತಿದ್ದಾರೆ. ಇರುವ ದುಡ್ಡು ಸ್ವಲ್ಪ. ಯಾವುದಕ್ಕೆ ಕೊಡಲಿ? ಕಲೆಗೆ ಕೊಟ್ಟರೆ ಕುಡಿತ ಕಡಿಮೆ ಆಗುತ್ತಾ?

ಉತ್ತರ (ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ):
ಅಕ್ಕ, ಡೊಳ್ಳು ಬಾರಿಸಿದ ಮಾತ್ರಕ್ಕೆ ಯಾರೂ ಕುಡಿತ ಬಿಡುವುದಿಲ್ಲ. ಮೊದಲು ಔಷಧಿ ಬೇಕು. ದಿನಾ ಬೆಳಗ್ಗೆಯಿಂದಲೇ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗುತ್ತದೆ, ಬೆವರುತ್ತಾರೆ, ನಿದ್ದೆ ಹತ್ತುವುದಿಲ್ಲ. ಕೆಲವರಿಗೆ ಮೊದಲ ಎರಡು ದಿನದಲ್ಲೇ ಫಿಟ್ಸ್ ಬರುತ್ತದೆ. ಎರಡು, ಮೂರನೇ ದಿನ ಇಲ್ಲದ್ದು ಕಾಣಿಸತೊಡಗಿ ಮನೆಯವರ ಗುರುತೂ ಸಿಗದಂತಾದರೆ ಜೀವಕ್ಕೇ ಅಪಾಯ. ‘ಹಠ ಹಿಡಿದು ಬಿಡಲಿ’ ಅಂತ ಕೋಣೆಯಲ್ಲಿ ಕೂಡಿ ಹಾಕುವುದು ಬೇಡವೇ ಬೇಡ. ನಡುಕಕ್ಕೆ ಮಾತ್ರೆ, ಬಿ1 ವಿಟಮಿನ್ ಇಂಜೆಕ್ಷನ್ ಕೊಟ್ಟು ವೈದ್ಯರೇ ನೋಡಿಕೊಳ್ಳಬೇಕು.

ಅದಕ್ಕೆ ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗವಿದೆ. ತಾಲೂಕು ಆಸ್ಪತ್ರೆಗಳಲ್ಲಿ ಮಾನಸಿಕ ಕಾಯಿಲೆ ನೋಡುವ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇದೆ. ಕಷ್ಟ ಜಾಸ್ತಿ ಇದ್ದರೆ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಫೋನಿನಲ್ಲಿ ಕೇಳಲು ಚಟ ಬಿಡಿಸುವ ಸಹಾಯವಾಣಿ 14446 ಇದೆ. ನಗರಸಭೆ ಹೊಸ ಕಟ್ಟಡ ಕಟ್ಟಬೇಕಿಲ್ಲ. ಹೋಗಿ ಬರುವ ಖರ್ಚು, ಜೊತೆಗೆ ಹೋಗಲು ಒಬ್ಬರು ಸಿಕ್ಕರೆ ಎಷ್ಟೋ ಮನೆಗಳಿಗೆ ಅದೇ ದೊಡ್ಡ ಆಸರೆ.

ಆದರೆ ನಿಮ್ಮ ಶಿಬಿರ ಸೋತಿದ್ದು ಅದಾದ ಮೇಲೆ, ಅಲ್ವಾ? ಎಪಿಎಂಸಿಯಲ್ಲಿ ಹಗಲೆಲ್ಲ ಮೂಟೆ ಹೊತ್ತವರು ಸಂಜೆ ಆರೂವರೆಗೆ ಕೂಲಿ ಎಣಿಸಿಕೊಂಡು ಹೊರಗೆ ಬರುತ್ತಾರೆ. ಮೈ ನೋವು, ಕೈಯಲ್ಲಿ ದುಡ್ಡು, ಗೇಟಿನಲ್ಲಿ ಹಳೆಯ ಗೆಳೆಯರು. ಆ ಎರಡು ಗಂಟೆ ದಾಟಿಸಲು ಅವರಿಗೆ ಹೋಗೋಕೆ ಒಂದು ಜಾಗ ಬೇಕು. ಬರದಿದ್ದರೆ ‘ಯಾಕೋ ಇವತ್ತು ಬರಲಿಲ್ಲ’ ಅಂತ ಕೇಳುವ ಜನ ಬೇಕು. ತಾಲೀಮು ಇದನ್ನು ಚೆನ್ನಾಗಿ ಮಾಡುತ್ತದೆ. ಡೊಳ್ಳಿನ ಸಾಲಿನಲ್ಲಿ ಒಬ್ಬ ಇಲ್ಲದಿದ್ದರೂ ಹೆಜ್ಜೆ ಕೂಡುವುದಿಲ್ಲ, ಎಲ್ಲರಿಗೂ ಗೊತ್ತಾಗುತ್ತದೆ.

ಹೀಗೆ ಮಾಡಿದ ಊರು ಇದೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1984ರಲ್ಲಿ ಗೋಡೆ ಮೇಲೆ ಗೀಚುವ ಹುಡುಗರನ್ನು ತಿದ್ದಲು ನಗರಾಡಳಿತ ಒಂದು ಯೋಜನೆ ಶುರು ಮಾಡಿತು. ಅದೇ ಮುಂದೆ ಮ್ಯೂರಲ್ ಆರ್ಟ್ಸ್ ಆಗಿ ಬೆಳೆಯಿತು. ನಗರದ ಮಾನಸಿಕ ಆರೋಗ್ಯ ಇಲಾಖೆಯ ಜೊತೆ ಸೇರಿ ಅವರು ನಡೆಸುವ ಕಾರ್ಯಕ್ರಮದ ಹೆಸರು ಪೋರ್ಚ್ ಲೈಟ್. ಚಟದಿಂದ ಹೊರಬರುತ್ತಿರುವವರು, ಕಲಾವಿದರು, ನೆರೆಹೊರೆಯವರು ತಿಂಗಳುಗಟ್ಟಲೆ ಕೂತು ಚಿತ್ರ ಯೋಚಿಸುತ್ತಾರೆ. ತೆಳುವಾದ ಬಟ್ಟೆಯ ಮೇಲೆ ಕೋಣೆಯೊಳಗೇ ಬಣ್ಣ ಹಚ್ಚಿ, ಆಮೇಲೆ ಗೋಡೆಗೆ ಅಂಟಿಸುತ್ತಾರೆ. ಅಟ್ಟಣಿಗೆ ಹತ್ತಲು ಆಗದವರೂ ಹೀಗೆ ಸೇರಿಕೊಳ್ಳಬಹುದು. ನನಗೆ ಅದರಲ್ಲಿ ಬಹಳ ಹಿಡಿಸಿದ್ದು ಇದೇ. ಯೇಲ್ ವಿಶ್ವವಿದ್ಯಾಲಯದವರು ಅಧ್ಯಯನ ಮಾಡಿದಾಗ, ಇಂಥವರನ್ನು ಕೀಳಾಗಿ ನೋಡುವುದು ಸುತ್ತಲಿನ ಜನರಲ್ಲಿ ಕಡಿಮೆಯಾಗಿದ್ದು ಕಂಡುಬಂತು. ಊರು ಮುಖ ತಿರುಗಿಸದಿದ್ದರೆ ಆಸ್ಪತ್ರೆಗೆ ಹೋಗುವ ನಾಚಿಕೆಯೂ ಇಳಿಯುತ್ತದೆ.

ಪ್ರಶ್ನೆ (ಅದೇ ಸದಸ್ಯೆ):
ಆರೋಗ್ಯದ ಕೆಲಸಕ್ಕೂ ಕಲೆಗೂ ಏನು ಸಂಬಂಧ ಅಂತ ಸಭೆಯಲ್ಲಿ ಕೇಳುತ್ತಾರೆ ಮೇಡಂ.

ಉತ್ತರ:
ಸಂವಿಧಾನದ 12ನೇ ಅನುಸೂಚಿ ತೆಗೆದು ತೋರಿಸಿ. 74ನೇ ತಿದ್ದುಪಡಿಯಲ್ಲಿ ಸೇರಿದ್ದು. ನಗರ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳ ಪಟ್ಟಿ ಅದು. ಆರನೆಯದರಲ್ಲಿ ಸಾರ್ವಜನಿಕ ಆರೋಗ್ಯವಿದೆ, ಹದಿಮೂರನೆಯದು ಸಾಂಸ್ಕೃತಿಕ, ಶೈಕ್ಷಣಿಕ ವಿಷಯಗಳನ್ನು ಬೆಳೆಸುವುದು. ಎರಡೂ ಅಲ್ಲೇ ಇವೆ.

ಪ್ರಶ್ನೆ (ಈ ಪ್ರಶ್ನೋತ್ತರ ಗುಂಪಿನ ಇನ್ನೊಬ್ಬ ಸದಸ್ಯೆ):
ಮೇಡಂ, ನಮ್ಮ ಮನೆಯವರು ಹಲಗೆ ಬಾರಿಸುತ್ತಾರೆ. ಅವರಿಗೆ ಚಟ ಹತ್ತಿದ್ದೇ ಅಲ್ಲಿ. ಕಾರ್ಯಕ್ರಮ ಮುಗಿದ ಮೇಲೆ ಕರೆಸಿದವರೇ ಕುಡಿಸುತ್ತಾರೆ. ತಾಲೀಮಿಗೆ ಕಳಿಸಿ ಅಂದರೆ ನನಗೆ ಭಯ.

ಉತ್ತರ:
ನಿಮ್ಮ ಭಯ ನಿಜ ತಂಗಿ. ಸಂಭಾವನೆಯ ಒಂದು ಭಾಗವನ್ನು ಬಾಟಲಿಯಲ್ಲಿ ಕೊಡುವ ರೂಢಿ ಬಹಳ ಕಡೆ ಇದೆ. ಕಲಾವಿದರಿಗೆ ಇದಕ್ಕಿಂತ ದೊಡ್ಡ ಅವಮಾನ ಇಲ್ಲ. ಅಕ್ಕ, ನಗರಸಭೆ ದುಡ್ಡು ಕೊಡುವಾಗ ಮೂರು ಮಾತು ಠರಾವಿನಲ್ಲೇ ಬರೆಸಿ. ಸಂಭಾವನೆ ಪೂರ್ತಿ ಬ್ಯಾಂಕ್ ಖಾತೆಗೆ ಹೋಗಬೇಕು. ತಾಲೀಮಿನ ಜಾಗದಲ್ಲಿ, ಕಾರ್ಯಕ್ರಮದ ರಾತ್ರಿ ಕುಡಿತ ಇರಬಾರದು. ಕಲಿಸುವ ಮೇಷ್ಟ್ರಿಗೆ ತಿಂಗಳು ತಿಂಗಳು ಗೌರವಧನ ಸಿಗಬೇಕು, ಸುಮ್ನೆ ಸೇವೆ ಅಂತ ದುಡಿಸಬಾರದು. ಮತ್ತೆ ತಂಗಿ, ನಿಮ್ಮವರನ್ನು ಮೊದಲ ಕೆಲವು ತಿಂಗಳು ಹೊರಗಿನ ಕಾರ್ಯಕ್ರಮಕ್ಕೆ ಕಳಿಸಬೇಡಿ. ತಾಲೀಮಿಗೆ ಮಾತ್ರ ಹೋಗಲಿ, ಭಯ ಅನ್ನಿಸಿದ ದಿನ ನೀವೂ ಜೊತೆಗೆ ಹೋಗಿ ಕೂತುಕೊಳ್ಳಿ.

ಪ್ರಶ್ನೆ (ನಗರಸಭೆ ಸದಸ್ಯೆ):
ಬಿಟ್ಟವರಿಂದಲೇ ಕುಡಿತದ ವಿರುದ್ಧ ಬೀದಿ ನಾಟಕ ಆಡಿಸೋಣವೇ?

ಉತ್ತರ:
ಬೇಡ ಅಕ್ಕ. ಅವರಾಗಿಯೇ ಕೇಳಿದರೆ ಬೇರೆ ಮಾತು. ಊರ ಮುಂದೆ ‘ನಾನು ಕುಡುಕನಾಗಿದ್ದೆ’ ಅಂತ ಹೇಳಿಸಿದರೆ, ನಾಳೆ ಒಂದು ದಿನ ಕಾಲು ಜಾರಿದಾಗ ಅವರು ಯಾರಿಗೂ ಮುಖ ತೋರಿಸುವುದಿಲ್ಲ, ಆಸ್ಪತ್ರೆಗೂ ಬರುವುದಿಲ್ಲ. ಮತ್ತೆ ಕುಡಿಯುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ಹಾಗಾದವರನ್ನು ಮೇಳದಿಂದ ತೆಗೆಯಬೇಡಿ. ಅಮಲು ಇಳಿದ ಮೇಲೆ ಬಾ ಅನ್ನಿ, ಮಂಗಳವಾರ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ. ಠರಾವಿನ ಕರಡು ಬರೆದರೆ ಇಲ್ಲೇ ಹಾಕಿ, ಓದಿ ಹೇಳುತ್ತೇನೆ.