ಐರ್ಲೆಂಡಿನ ಪಡುವಣ ಕಡಲು, ನಾಲ್ಕೇ ದಿನ: ಎಲ್ಲಿ ಹೋಗೋದು, ಎಂತ ಬಿಡೋದು?

ಸೋಗೆಮನೆ (ಸಾಗರ):

ಎಲ್ಲರಿಗೂ ನಮಸ್ಕಾರ. ಸಾಗರದ ಹತ್ತಿರ ಎರಡೆಕರೆ ಅಡಿಕೆ ತೋಟ ಇಟ್ಟುಕೊಂಡವನು ನಾನು, ವಯಸ್ಸು 61. ಮಗಳು ಡಬ್ಲಿನ್ನಿನಲ್ಲಿ ಕೆಲಸಕ್ಕಿದ್ದಾಳೆ. ಅಡಿಕೆಗೆ ಎರಡನೇ ಸಲದ ಬೋರ್ಡೋ ಔಷಧಿ ಹೊಡೆಸಿ ಸೆಪ್ಟೆಂಬರ್ ಎರಡನೇ ವಾರ ನಾನು, ಮನೆಯವಳು ಹೊರಡೋದು, ಅಡಿಕೆಗೊನೆ ಕೊಯ್ಲಿನ ಒಳಗೆ ವಾಪಸ್ ಬರೋದು ಅಂತ ತೀರ್ಮಾನ ಆಗಿದೆ. ವೀಸಾ ಬಂತು, ಟಿಕೆಟ್ಟೂ ಆಯ್ತು.

ಮಗಳಿಗೆ ಸಿಗುವ ರಜೆ ಮಾತ್ರ ಗುರುವಾರದಿಂದ ಭಾನುವಾರ. ಅಷ್ಟರಲ್ಲಿ ಪಶ್ಚಿಮದ ಕಡಲತೀರ ತೋರಿಸ್ತೀನಿ ಅಂತ ಪಟ್ಟಿ ಕಳಿಸಿದ್ದಾಳೆ: ಕ್ಲಿಫ್ಸ್ ಆಫ್ ಮೊಹರ್, ಅರಾನ್ ದ್ವೀಪ, ಗಾಲ್ವೇ, ಕಾನಮಾರಾ, ರಿಂಗ್ ಆಫ್ ಕೆರ್ರಿ, ಡಿಂಗಲ್, ಸಾಲದ್ದಕ್ಕೆ ಉತ್ತರದ ಜೈಂಟ್ಸ್ ಕಾಸ್‌ವೇ. ಓದಿದ ಕೂಡಲೇ ನನಗೆ ಶೃಂಗೇರಿ, ಹೊರನಾಡು, ಧರ್ಮಸ್ಥಳ, ಸುಬ್ರಹ್ಮಣ್ಯ ಎಲ್ಲ ಒಂದೇ ದಿನಕ್ಕೆ ಮುಗಿಸೋ ಟೆಂಪೋ ಟ್ರಾವೆಲರ್ ನೆನಪಾಯ್ತು. ದೇವರಿಗಿಂತ ಹೆಚ್ಚು ಹೊತ್ತು ಡ್ರೈವರಿನ ಬೆನ್ನು ನೋಡಿದ ಅನುಭವ ನಮಗೆ ಧಾರಾಳ ಇದೆ.

ನನಗೆ ಬೇಕಾಗಿರೋದು ಇಷ್ಟೇ. ಒಂದು ಕಡೆ ಕೂತು ಕಡಲು ನೋಡಬೇಕು, ಒಂದು ಹಳ್ಳಿ ನೋಡಬೇಕು. ಮನೆಯವಳಿಗೆ ಮಂಡಿನೋವು, ಮೆಟ್ಟಿಲು ಕಷ್ಟ. ಇಬ್ಬರೂ ಸಸ್ಯಾಹಾರಿಗಳು. ಕಾರು ಮಗಳು ಬಾಡಿಗೆಗೆ ತಗೊಂಡು ಓಡಿಸ್ತಾಳೆ. ಪಟ್ಟಿಯಲ್ಲಿ ಯಾವುದು ಇಟ್ಟುಕೊಳ್ಳೋದು, ಯಾವುದು ಹೊಡೆದು ಹಾಕೋದು? ಸೆಪ್ಟೆಂಬರ್ ಮಳೆ ಹೇಗೆ? ಮಳೆಗೆ ಹೆದರುವವರಲ್ಲ, ಆದರೆ ಅಷ್ಟು ದುಡ್ಡು ಸುರಿದು ಮಳೆ ನೋಡೋಕೆ ಹೋಗೋದಾದ್ರೆ ನಮ್ಮನೆ ಜಗಲಿನೇ ಸಾಕಲ್ಲ.

ಘಾಟಿತಿರುವು (ಆಗುಂಬೆ ಕಡೆ):

ಮೊಹರ್ ಬಿಡಬೇಡಿ, ಉಳಿದದ್ದು ಏನಾದ್ರೂ ಮಾಡ್ಕೊಳ್ಳಿ. ಕಡಲಂಚಿನ ಬಂಡೆಗೋಡೆ ಅದು, ಅತಿ ಎತ್ತರದ ಕಡೆ 214 ಮೀಟರ್. ನಿಮ್ಮ ಜೋಗ 253 ಮೀಟರ್, ಹಾಗಾಗಿ ಎತ್ತರ ಕೇಳಿ ಬೆರಗಾಗಬೇಕಿಲ್ಲ. ಆದರೆ ಜೋಗದ ಆ ಗೋಡೆಯನ್ನೇ ಉದ್ದಕ್ಕೆ ಕಿಲೋಮೀಟರುಗಟ್ಟಲೆ ಎಳೆದು, ಬುಡಕ್ಕೆ ಅಟ್ಲಾಂಟಿಕ್ ತಂದಿಟ್ಟ ಹಾಗೆ ಅಂದ್ಕೊಳ್ಳಿ. ನಾನು ಹೋದ ದಿನ ಮಂಜು ಕವಿದು ಏನೂ ಕಾಣಲಿಲ್ಲ, ಬರೀ ಅಲೆ ಹೊಡೆಯೋ ಸದ್ದು. ಮುಕ್ಕಾಲು ಗಂಟೆ ಕೂತೆ, ಪರದೆ ಸರಿದ ಹಾಗೆ ಸರಿಯಿತು. ಜೋಗದಲ್ಲಿ ಮಳೆಗಾಲದಲ್ಲಿ ಕಾದು ಅಭ್ಯಾಸ ಇದ್ದವರಿಗೆ ಇದು ಹೇಳಬೇಕಿಲ್ಲ. ಪಫಿನ್ ಹಕ್ಕಿ ಕಾಣುತ್ತೆ ಅಂತ ಯಾರಾದ್ರೂ ಆಸೆ ಹುಟ್ಟಿಸಿದರೆ ನಂಬಬೇಡಿ, ಅವು ಆಗಸ್ಟ್ ಹೊತ್ತಿಗೆಲ್ಲ ಕಡಲಿಗೆ ಹೋಗಿಬಿಟ್ಟಿರ್ತಾವೆ. ಅಂಚಿನ ತಡೆಗೋಡೆ ದಾಟಿ ಫೋಟೋಕ್ಕೆ ನಿಲ್ಲೋ ಜನ ಅಲ್ಲೂ ಇದಾರೆ, ನೀವು ಆ ಕಡೆ ನೋಡಲೂಬೇಡಿ.

ತುಂಗೆತಡಿ (ಊರು ತೀರ್ಥಹಳ್ಳಿ, ಈಗ ಲಿಮರಿಕ್):

ಸೋಗೆಮನೆಯವರೆ, ನಾನು ಈ ಕಡೆ ಬಂದು ಏಳು ವರ್ಷ ಆಯ್ತು. ಊರಿಂದ ಬಂದ ನೆಂಟರನ್ನೆಲ್ಲ ಈ ದಾರಿಯಲ್ಲಿ ಸುತ್ತಿಸಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ಮೊದಲು ಪಟ್ಟಿಗೆ ಕತ್ತಿ. ಕಾಸ್‌ವೇ ತೆಗೀರಿ: ಅದು ಉತ್ತರ ಐರ್ಲೆಂಡ್, ಅಂದರೆ ಬ್ರಿಟನ್ನಿಗೆ ಸೇರಿದ್ದು. ದಾರಿಯಲ್ಲಿ ಗಡಿ ಅಂತ ಗೇಟು ಕಾಣದೇ ಇರಬಹುದು, ಆದರೆ ವೀಸಾ ಮಾತ್ರ ಬೇರೆ. ನಿಮ್ಮ ಐರಿಷ್ ವೀಸಾದ ಮೇಲೆ ಬಿಐವಿಎಸ್ (ಬ್ರಿಟಿಷ್-ಐರಿಷ್ ವೀಸಾ ಯೋಜನೆ) ಅಂತ ಮುದ್ರೆ ಇದ್ದರೆ ಮಾತ್ರ ಅದರಲ್ಲೇ ಹೋಗಬಹುದು, ಪಾಸ್‌ಪೋರ್ಟ್ ತೆಗೆದು ನೋಡಿ. ಇದ್ದರೂ ಈ ಸಲ ಬೇಡ, ಅದು ಬೇರೆಯೇ ಮೂಲೆ. ಅಲ್ಲಿರೋ ಹಾಗೆ ಕಂಬದಂಥ ಕಲ್ಲುಗಳನ್ನೇ ನೋಡಬೇಕು ಅಂದ್ರೆ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಹತ್ತಿ. ಅರಾನ್, ಕಾನಮಾರಾ, ಗಾಲ್ವೇ, ರಿಂಗ್ ಆಫ್ ಕೆರ್ರಿ ಕೂಡ ತೆಗೀರಿ. ಉಳಿದದ್ದು ಮೊಹರ್ ಮತ್ತು ಡಿಂಗಲ್. ಎರಡಕ್ಕೂ ನಡುವೆ ಶಾನನ್ ನದಿ ಕಡಲು ಸೇರೋ ಅಗಲದ ಬಾಯಿ ಇದೆ. ಮ್ಯಾಪು ನೋಡಿದವರು ಲಿಮರಿಕ್ ಸುತ್ತಿಕೊಂಡು ಬರಬೇಕು ಅಂತ ತಿಳೀತಾರೆ. ಬೇಡ. ಕಿಲಿಮರ್ ಅನ್ನೋ ಕಡೆಯಿಂದ ಟಾರ್ಬರ್ಟಿಗೆ ಕಾರು ಹತ್ತಿಸಿಕೊಳ್ಳೋ ಫೆರ್ರಿ ಇದೆ, ಇಪ್ಪತ್ತು ನಿಮಿಷ. ಸಾಗರದವರಿಗೆ ಇದನ್ನ ವಿವರಿಸೋದು ಎಂತಕ್ಕೆ, ಶರಾವತಿ ಹಿನ್ನೀರು ದಾಟಿಸ್ತಿದ್ದ ಸಿಗಂದೂರು ಲಾಂಚೇ ಇದು! ಕಾರು ಸಾಲಾಗಿ ನಿಲ್ಲುತ್ತೆ, ಜನ ಇಳಿದು ಕಂಬಿ ಹಿಡಿದು ನಿಲ್ತಾರೆ. ನಿಮ್ಮಲ್ಲಿ ಸೇತುವೆ ಬಂದು ಲಾಂಚಿನ ಕಾಲ ಮುಗಿಯಿತು, ಇಲ್ಲಿ ಇನ್ನೂ ಇದೆ. ಅದೃಷ್ಟ ಇದ್ದರೆ ಡಾಲ್ಫಿನ್ ಕಾಣುತ್ತೆ, ಆ ನೀರಲ್ಲಿ ಅವು ವರ್ಷಪೂರ್ತಿ ಇರ್ತಾವೆ.

ಹಾಗಾಗಿ ಹೀಗೆ ಮಾಡಿ. ಗುರುವಾರ ಬೆಳಗ್ಗೆ ಡಬ್ಲಿನ್ ಬಿಟ್ಟು ಸಂಜೆ ಮೊಹರ್. ಹಗಲಿನ ಬಸ್ಸುಗಳು ಹೊರಟುಹೋದ ಮೇಲೆ ಜಾಗ ನಿಮ್ಮದೇ, ಎಂಟು ಗಂಟೆ ಹತ್ತಿರದ ತನಕ ಬೆಳಕಿರುತ್ತೆ. ಆ ರಾತ್ರಿ ಹತ್ತಿರದ ಲಾಹಿಂಚ್ ಇಲ್ಲವೇ ಡೂಲಿನ್ ಊರಲ್ಲಿ ತಂಗಿ. ಶುಕ್ರವಾರ ಫೆರ್ರಿ ಹತ್ತಿ ಡಿಂಗಲ್, ಅಲ್ಲಿ ಎರಡು ರಾತ್ರಿ ಒಂದೇ ಮನೆ. ಅಡುಗೆಮನೆ ಇರೋ ಮನೆ ಹಿಡೀರಿ. ಭಾನುವಾರ ಬೆಳಗ್ಗೆ ಹೊರಟರೆ ಡಬ್ಲಿನ್ನಿಗೆ ನಾಲ್ಕೂವರೆ ಗಂಟೆ ಕಾರು, ನಡುವೆ ಇಂಚ್ ಅನ್ನೋ ಉದ್ದ ಮರಳತೀರದಲ್ಲಿ ಕಾಲು ತೋಯಿಸಿಕೊಳ್ಳಿ.

ಶನಿವಾರ ಇಡೀ ದಿನ ಸ್ಲೇ ಹೆಡ್ ರಸ್ತೆಗೆ. ಡಿಂಗಲ್ಲಿನಿಂದ ಹೊರಟು ಅಲ್ಲಿಗೇ ಮರಳೋ 47 ಕಿಲೋಮೀಟರ್ ಸುತ್ತು, ಗಡಿಯಾರದ ಮುಳ್ಳು ತಿರುಗೋ ದಿಕ್ಕಲ್ಲೇ ಹೋಗಿ. ದೊಡ್ಡ ಬಸ್ಸುಗಳೆಲ್ಲ ಹಾಗೇ ಹೋಗೋದು, ಎದುರಾದರೆ ಹಿಂದೆ ಸರಿಸೋ ಪಾಡು ನಿಮ್ಮದು. ನಮ್ಮ ಹಾಗೇ ಎಡಗಡೆ ಓಡಿಸೋದು, ಆ ಗೊಂದಲ ಇಲ್ಲ. ಆದರೆ ರಸ್ತೆ ಆಗುಂಬೆ ಘಾಟಿಗಿಂತ ಇಕ್ಕಟ್ಟು, ಒಂದು ಬದಿ ಕಲ್ಲಿನ ಪಾಗಾರ, ಇನ್ನೊಂದು ಬದಿ ಕಡಲು. ಒಂದು ಕಡೆ ಹಳ್ಳ ರಸ್ತೆಯ ಮೇಲೇ ಹರಿದು ಹೋಗುತ್ತೆ. ಊರಿಂದ ಬಂದ ನನ್ನ ಮಾವ ಅಲ್ಲಿ ಇಳಿದು, ‘ಇಲ್ಲಿಗೊಂದು ಕಾಲುಸಂಕ ಹಾಕ್ಬೇಕಿತ್ತು’ ಅಂದಿದ್ದರು. ಬಾಡಿಗೆ ಕಾರಿಗೆ ವಿಮೆ ಪೂರ್ತಿ ತಗೊಳ್ಳಿ. ಹೋದ ವರ್ಷ ಪಾಗಾರಕ್ಕೆ ಕನ್ನಡಿ ಉಜ್ಜಿದ್ದಕ್ಕೆ ನಾನು ಕೊಟ್ಟ ದುಡ್ಡಲ್ಲಿ ಇನ್ನೊಂದು ಪ್ರವಾಸ ಆಗ್ತಿತ್ತು.

ಅಲ್ಲಿ ಐರಿಷ್ ಭಾಷೆ ಆಡೋ ಪ್ರದೇಶ, ಊರಿನ ಹೆಸರೆಲ್ಲ ಐರಿಷಿನಲ್ಲೇ ಬರೆದಿರುತ್ತೆ. ರಸ್ತೆ ಮೇಲೆ ‘ಗೋ ಮಾಲ್’ ಅಂತ ಕಂಡರೆ ಮಾಲಿಗೆ ದಾರಿ ಅಂತ ಮಗಳಿಗೆ ಹೇಳಬೇಡಿ, ನಿಧಾನ ಹೋಗಿ ಅಂತ ಅರ್ಥ! ಬೇಲಿ ತುಂಬ ಕೆಂಪು ಫ್ಯೂಷಿಯಾ ನೇತಾಡ್ತಾ ಇರುತ್ತೆ, ಅದಕ್ಕೆ ಅವರ ಭಾಷೆಯಲ್ಲಿ ದೇವರ ಕಣ್ಣೀರು ಅನ್ನೋ ಹೆಸರು. ಗ್ಯಾಲರಸ್ ಅನ್ನೋ ಪುಟ್ಟ ಪ್ರಾರ್ಥನಾಲಯ ತಪ್ಪಿಸಬೇಡಿ. ಮಗುಚಿಟ್ಟ ದೋಣಿಯ ಆಕಾರ, ಗಾರೆಯಿಲ್ಲ, ಕಲ್ಲಿನ ಮೇಲೆ ಕಲ್ಲನ್ನ ಸ್ವಲ್ಪ ಹೊರಕ್ಕೆ ವಾಲಿಸಿ ಜೋಡಿಸಿದ್ದಾರೆ, ನೀರು ಒಳಗೆ ಬರೋದಿಲ್ಲ. ಸೋಗೆ ಹೊದೆಸಿದ ಮನೆ ಸೋರೋದು ಕಂಡು ಬೆಳೆದ ನಾನು ಒಳಗೆ ನಿಂತು ಗೋಡೆ ಮುಟ್ಟಿ ಮುಟ್ಟಿ ನೋಡಿದೆ.

ಆ ರಸ್ತೆಯ ಪಡುವಣ ತುದಿಯಲ್ಲಿ ಡನ್‌ಕ್ವಿನ್ ಅನ್ನೋ ಹಳ್ಳಿ. ಎದುರಿಗೆ ಗ್ರೇಟ್ ಬ್ಲಾಸ್ಕೆಟ್ ದ್ವೀಪ, ಚಾವಣಿಯಿಲ್ಲದ ಮನೆಗಳು ಕಣ್ಣಿಗೇ ಕಾಣ್ತಾವೆ. ಅಲ್ಲಿನ ಜನ ಕೆಟ್ಟ ಹವೆಯಲ್ಲಿ ವಾರಗಟ್ಟಲೆ ಈಚೆ ದಡಕ್ಕೆ ಬರೋ ಹಾಗಿರಲಿಲ್ಲ. 1947ರಲ್ಲಿ ಒಬ್ಬ ತರುಣನಿಗೆ ಮೆದುಳುಜ್ವರ ಬಂತು, ಕಡಲು ಕೆರಳಿ ಡಾಕ್ಟರು ದಾಟೋಕೆ ಆಗಲಿಲ್ಲ, ಅವನು ಉಳಿಯಲಿಲ್ಲ. ಕೊನೆಗೆ 1953ರ ನವೆಂಬರಿನಲ್ಲಿ ಉಳಿದ 22 ಜನರನ್ನ ಸರ್ಕಾರ ಈಚೆಗೆ ಕರೆತಂತು. ಹಿನ್ನೀರಿನಾಚೆಯ ಕರೂರು, ತುಮರಿ ಕಡೆಯವರು ರಾತ್ರಿ ಲಾಂಚಿಲ್ಲದೆ ರೋಗಿ ಇಟ್ಟುಕೊಂಡು ದಡದಲ್ಲಿ ಕಾಯ್ತಿದ್ದ ಕಥೆ ಕೇಳಿದವನಿಗೆ ಇದು ಪರದೇಶದ ಸುದ್ದಿ ಅನ್ನಿಸಲಿಲ್ಲ. ದ್ವೀಪಕ್ಕೆ ದೋಣಿ ಇದೆ, ಆದರೆ ಸೆಪ್ಟೆಂಬರ್ ಅಂದರೆ ಅದರ ಸೀಸನ್ನಿನ ಬಾಲ, ಗಾಳಿ ಎದ್ದರೆ ಬಿಡೋದಿಲ್ಲ. ದೋಣಿ ನಿಲ್ಲೋ ಧಕ್ಕೆಗೆ ಇಳಿಯೋ ದಾರಿ ಕಡಿದಾದ ಹಾವಿನ ತಿರುವು, ನಿಮ್ಮ ಮನೆಯವರ ಮಂಡಿಗೆ ಖಂಡಿತ ಬೇಡ. ಈಚೆ ದಡದಲ್ಲೇ ಬ್ಲಾಸ್ಕೆಟ್ ಸೆಂಟರ್ ಇದೆ, ದೊಡ್ಡ ಗಾಜಿನ ಕಿಟಕಿಯಿಂದ ದ್ವೀಪ ಕೂತಲ್ಲೇ ಕಾಣುತ್ತೆ. ನೀವು ಕೇಳಿದ ‘ಒಂದು ಕಡೆ ಕೂತು’ ಅನ್ನೋದಕ್ಕೆ ನನ್ನ ಉತ್ತರ ಆ ಕಿಟಕಿ.

ಮಳೆ: ನಮ್ಮ ಹಾಗೆ ಧೋ ಅಂತ ಸುರಿಯೋದಲ್ಲ. ಜಿಟಿಜಿಟಿ, ಬಿಸಿಲು, ಮತ್ತೆ ಜಿಟಿಜಿಟಿ. ಗಾಳಿಗೆ ಮಳೆ ಅಡ್ಡಡ್ಡ ಬರುತ್ತೆ, ಕೊಡೆ ಮಗುಚಿ ಹಾರಿಹೋಗುತ್ತೆ. ನಮ್ಮ ಅಜ್ಜಿಯ ಗೊರಬು (ತಲೆ, ಬೆನ್ನು ಮುಚ್ಚೋ ಎಲೆಯ ಹೊದಿಕೆ) ಇದ್ದಿದ್ದರೆ ಸರಿಹೋಗ್ತಿತ್ತು. ಟೋಪಿ ಇರೋ ಒಳ್ಳೆ ರೈನ್‌ಕೋಟ್ ತನ್ನಿ, ಸಾಕು.

ನಗರದಹೋಬಳಿ (ಹೊಸನಗರ):

ತುಂಗೆತಡಿಯವರು ಬರ್ರೆನ್ ಬಿಟ್ಟುಬಿಟ್ಟರಲ್ಲ! ಮೊಹರ್‌ಗೆ ಹೋಗೋ ದಾರಿ ಸ್ವಲ್ಪ ಬಳಸಿದರೆ ಸಿಗುತ್ತೆ. ಬೆಟ್ಟವೆಲ್ಲ ಬೋಳು ಬೂದು ಸುಣ್ಣದಕಲ್ಲು, ಸೀಳುಗಳ ಒಳಗೆ ಹೂವಿನ ಗಿಡ. ನಡುವೆ ಪೌಲ್ನಬ್ರೋನ್ ಅನ್ನೋ ಕಲ್ಗೋರಿ, ಐದು ಸಾವಿರ ವರ್ಷಕ್ಕೂ ಹಳೇದು. ನಿಂತ ಕಲ್ಲುಗಳ ಮೇಲೆ ಒಂದು ಚಪ್ಪಡಿ, ಅಷ್ಟೇ. ಪಾರ್ಕಿಂಗಿನಿಂದ ಹೆಚ್ಚು ನಡೆಯೋದಿಲ್ಲ, ಆದರೆ ನೆಲ ಒರಟು, ಕೋಲು ಇರಲಿ. ನಾನು ಅಲ್ಲಿ ನಿಂತಾಗ ನಮ್ಮ ನಿಲಸ್‌ಕಲ್ ಬ್ಯಾಣ ನೆನಪಾಗಿ ಒಂಥರಾ ಆಯ್ತು. ನಮ್ಮದೂ ಬೃಹತ್ ಶಿಲಾಯುಗದ ನಿಲುಗಲ್ಲುಗಳು, ನಮ್ಮಲ್ಲಿ ದನ ಮೈ ತಿಕ್ಕಿಕೊಂಡು ಹೋಗ್ತಾವೆ. ಅಲ್ಲಿ ಹಗ್ಗ ಕಟ್ಟಿ ಒಂದು ಬೋರ್ಡು ಇಟ್ಟಿದ್ದಾರೆ.

ಕವಳದಸಂಚಿ (ಸೊರಬ):

ಎಲ್ಲ ಹೇಳಿದಿರಿ, ಬ್ಯಾಗಿನ ವಿಷಯ ಯಾರೂ ಹೇಳಲಿಲ್ಲ. ತುಪ್ಪ ತಗೊಂಡು ಹೋಗಬೇಡಿ. ಯುರೋಪಿಯನ್ ಒಕ್ಕೂಟದ ನಿಯಮ, ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರೋ ಹಾಗಿಲ್ಲ. ಹಾಲಿನ ಪೇಡೆಯೂ ಅದರಲ್ಲೇ ಬಂತು. ನಾನು ಅಣ್ಣನ ಮನೆಗೆ ಅಂತ ಒಯ್ದ ಎರಡು ಕೇಜಿ ತುಪ್ಪ ಏರ್‌ಪೋರ್ಟಿನ ಕಸದ ಬುಟ್ಟಿಗೆ ಹೋಯ್ತು, ಸಂಕಟ ಇವತ್ತಿಗೂ ಇದೆ. ಹಸಿ ಹಣ್ಣು, ತರಕಾರಿ, ಎಲೆಗೂ ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಬೇಕು. ಬಾಳೆಹಣ್ಣು, ತೆಂಗಿನಕಾಯಿ, ಅನಾನಸು, ಖರ್ಜೂರ, ಡೂರಿಯನ್ ಇವಕ್ಕೆ ಮಾತ್ರ ವಿನಾಯಿತಿ. ಅಂದರೆ ವೀಳ್ಯದೆಲೆ ಇಲ್ಲ. ನಾಲ್ಕು ದಿನ ಕವಳ ಬಿಟ್ಟು ಇರೋಕೆ ಈಗಲೇ ಅಭ್ಯಾಸ ಮಾಡ್ಕೊಳ್ಳಿ. ಅಪ್ಪೆಮಿಡಿ ಉಪ್ಪಿನಕಾಯಿ, ಚಟ್ನಿಪುಡಿ ಒಯ್ಯಿರಿ. ಹೋಟೆಲಲ್ಲಿ ತರಕಾರಿ ಸೂಪು, ಸೋಡಾ ಬ್ರೆಡ್ಡು ಎಲ್ಲ ಕಡೆ ಸಿಗುತ್ತೆ. ಚೌಡರ್ ಅಂದರೆ ಮೀನಿನದ್ದು, ಬಿಳಿ ಬಣ್ಣ ನೋಡಿ ಮಜ್ಜಿಗೆಹುಳಿ ಅಂದ್ಕೊಂಡು ಮೋಸಹೋಗಬೇಡಿ.

ಸೋಗೆಮನೆ (ಸಾಗರ):

ತುಂಬಾ ಉಪಕಾರ ಆಯ್ತು. ನಿನ್ನೆ ರಾತ್ರಿ ಮಗಳಿಗೆ ಫೋನಲ್ಲಿ ಎಲ್ಲ ಓದಿ ಹೇಳಿದೆ. ಕಾಸ್‌ವೇ ಬಿಡೋಕೆ ಒಂದು ಗಂಟೆ ಚರ್ಚೆ ಮಾಡಿದಳು, ಕಾನಮಾರಾಕ್ಕೆ ಇನ್ನರ್ಧ ಗಂಟೆ. ಕೊನೆಗೆ ತುಂಗೆತಡಿಯವರ ದಾರಿಯೇ ಆಯ್ತು, ಬರ್ರೆನ್ ಸೇರಿಸಿ. ಡಿಂಗಲ್ಲಿನಲ್ಲಿ ಅಡುಗೆಮನೆ ಇರೋ ಮನೆ ಹುಡುಕ್ತಿದ್ದಾಳೆ.

ತುಂಗೆತಡಿಯವರೆ, ನೀವು ಬರೆದದ್ದರಲ್ಲಿ ನಾನು ಎರಡು ಸಲ ಓದಿದ್ದು ಆ ದ್ವೀಪದ ಭಾಗ. ನಮ್ಮ ಮೂಲಮನೆ ಲಿಂಗನಮಕ್ಕಿಯ ನೀರಿನಡಿ ಇದೆ. 1964ಕ್ಕೆ ಮೊದಲೇ ನಮ್ಮಪ್ಪ ಗಾಡಿಯಲ್ಲಿ ಪಾತ್ರೆ, ದನ, ದೇವರಪೆಟ್ಟಿಗೆ ಹೇರಿಕೊಂಡು ಬಂದವರು. ಬೇಸಿಗೆಯಲ್ಲಿ ನೀರು ಇಳಿದು ಹಳೇ ಮಡೆನೂರು ಅಣೆಕಟ್ಟು ತಲೆ ಎತ್ತಿದಾಗೆಲ್ಲ ನನ್ನನ್ನ ದಡಕ್ಕೆ ಕರಕೊಂಡು ಹೋಗಿ, ಅದೋ ಅಲ್ಲಿ, ಅಂತ ಕೈ ತೋರಿಸ್ತಿದ್ದರು. ನನಗೆ ಬರೀ ಕೆಸರು ಕಾಣ್ತಿತ್ತು. ಅವರಿಗೆ ಕೊಟ್ಟಿಗೆ, ಬಾವಿಕಟ್ಟೆ ಎಲ್ಲ ಕಾಣ್ತಿತ್ತು ಅನ್ನಿಸುತ್ತೆ. ಬಿಟ್ಟುಬಂದ ಮನೆಗಳು ನೀರ ಮೇಲೆ ನಿಂತದ್ದು ಹೇಗಿರುತ್ತೆ ಅಂತ ನೋಡಬೇಕು. ಮನೆಯವಳು ಕಿಟಕಿ ಹತ್ತಿರ ಕೂರಲಿ, ಗಾಳಿ ಇಲ್ಲದಿದ್ದರೆ ನಾನೊಬ್ಬ ದೋಣಿ ಹತ್ತಬಹುದಾ? ಇಳಿಯೋದು ಎಷ್ಟು ಕಷ್ಟ?

ತುಂಗೆತಡಿ:

ಹತ್ತಬಹುದು. ದ್ವೀಪದ ಹತ್ತಿರ ದೊಡ್ಡ ದೋಣಿಯಿಂದ ಸಣ್ಣ ರಬ್ಬರ್ ದೋಣಿಗೆ ಇಳಿಸ್ತಾರೆ, ಆಮೇಲೆ ಪಾಚಿಗಟ್ಟಿದ ಕಲ್ಲು. ಅಡಿಕೆಮರ ಹತ್ತಿದ ಕಾಲಾದರೆ ತೊಂದರೆ ಇಲ್ಲ. ಹಿಂದಿನ ದಿನ ಸಂಜೆಯೇ ಫೋನ್ ಮಾಡಿ ಕೇಳಿ, ಆದರೂ ಬೆಳಗ್ಗೆ ಇನ್ನೊಮ್ಮೆ ಕೇಳಿಯೇ ಹೊರಡಿ. ಮೇಲೆ ಅಂಗಡಿ-ಗಿಂಗಡಿ ನೆಚ್ಚಿಕೋಬೇಡಿ, ಕುಡಿಯೋ ನೀರು, ಅವಲಕ್ಕಿ ಕಟ್ಟಿಕೊಳ್ಳಿ. ಮರಳಿನ ಮೇಲೆ ಕಡಲಪ್ರಾಣಿ ಸೀಲ್‌ಗಳು ಬಿದ್ದುಕೊಂಡಿರ್ತಾವೆ, ಹತ್ತಿರ ಹೋಗಬೇಡಿ.

ಕವಳದಸಂಚಿ:

ಅವಲಕ್ಕಿ ಅಂದರೆ ಒಣ ಅವಲಕ್ಕಿ. ಮೊಸರವಲಕ್ಕಿ ಅಂದ್ಕೊಂಡು ಇಲ್ಲಿಂದಲೇ ಮೊಸರು ಕಟ್ಟಿಕೊಂಡು ಹೊರಟೀರಿ ಮತ್ತೆ!