ಪದ ಬೇಕು, ತುರ್ತು: ‘ಸ್ಟ್ರೀಟ್ ಫ್ಯಾಶನ್’ಗೆ ಏನನ್ನೋಣ?

ಬೆಂಗಳೂರಿನ ಅನುವಾದಕಿ, ಬೆಳಿಗ್ಗೆ 9.10

ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆ ನಾಲ್ಕಕ್ಕೆ ಪ್ರಿಂಟಿಗೆ ಹೋಗಬೇಕು. ಅದಕ್ಕೇ ಪೀಠಿಕೆ ಇಲ್ಲದೆ ಕೇಳುತ್ತಿದ್ದೇನೆ.

ಒಂದು ಫೋಟೋ ಪ್ರದರ್ಶನದ ಗೋಡೆ ಬರಹಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಜಪಾನಿನ ಸ್ಟ್ರೀಟ್ ಫ್ಯಾಶನ್ನಿಗೆ ಮರುಳಾದ ವಿಯೆಟ್ನಾಂ ಹುಡುಗ ಹುಡುಗಿಯರ ಚಿತ್ರಗಳು. ಒಳಗಿನ ಸಾಲುಗಳೆಲ್ಲ ಆದವು. ಬಾಗಿಲ ಮೇಲಿನ ದೊಡ್ಡ ಬೋರ್ಡಿಗೇ ಪದ ಸಿಗುತ್ತಿಲ್ಲ. ‘ಬೀದಿ ಫ್ಯಾಶನ್’ ಅಂತ ಬರೆದೆ. ಬರೆದ ಕೂಡಲೇ ಬೀದಿನಾಯಿ, ಬೀದಿಬಸವ, ಬೀದಿಗೆ ಬಿದ್ದ ಸಂಸಾರ ಎಲ್ಲ ಸಾಲಾಗಿ ಬಂದು ನಿಂತವು. ‘ಬೀದಿ ಉಡುಗೆ’ ಅಂದರೆ ಇನ್ನೂ ಬಡವಾಗಿ ಕೇಳುತ್ತದೆ.

ಪದ ಯಾವುದಕ್ಕೆ ಅಂತ ಗೊತ್ತಾಗಲಿ, ಬೋರ್ಡಿನ ಕೆಳಗೇ ಬರುವ ಚಿತ್ರ ಹೀಗಿದೆ. ಹನೋಯ್‌ನ ಹ್ವಾನ್ ಕಿಯೆಮ್ ಕೆರೆಯ ಹತ್ತಿರ, ಫುಟ್‌ಪಾತಿನ ಮೇಲೆ, ಮಕ್ಕಳು ಕೂರುವಷ್ಟು ಗಿಡ್ಡ ಪ್ಲಾಸ್ಟಿಕ್ ಸ್ಟೂಲು. ಅದರ ಮೇಲೆ ಒಬ್ಬಳು ಹುಡುಗಿ. ಗೊಂಬೆಯ ಹಾಗೆ ಉಬ್ಬಿದ ಗುಲಾಬಿ ಫ್ರಾಕು, ಒಳಗೆ ಎರಡು ಪೆಟಿಕೋಟು, ಅಂಚಿಗೆಲ್ಲ ಲೇಸು, ನಾಲ್ಕು ಇಂಚಿನ ಅಟ್ಟೆಯ ಬೂಟು. ಫ್ರಾಕು ಸ್ಟೂಲನ್ನು ಪೂರ್ತಿ ನುಂಗಿದೆ, ಹುಡುಗಿ ಗಾಳಿಯಲ್ಲಿ ಕೂತ ಹಾಗಿದೆ. ಕೈಯಲ್ಲಿ ಐಸು ಹಾಕಿದ ಚಹಾ. ಪಕ್ಕದಲ್ಲಿ ಸ್ಕೂಟರು, ಅದರ ಮೇಲೆ ಬಿಸಿಲಿಗೆ ಅಲ್ಲಿನ ಹೆಂಗಸರು ತೊಡುವ ಹೂವಿನ ಜಾಕೀಟು. ಅದನ್ನು ಈ ಫ್ರಾಕಿನ ಮೇಲೇ ಹಾಕಿಕೊಂಡು ಬಂದಿರಬೇಕು.

ಇನ್ನೊಂದು. ‘ಹನೋಯ್‌ನಲ್ಲೊಂದು ಹರಾಜುಕು’ ಅಂತ ಬರೆದು ಕೊಟ್ಟಿದ್ದೆ. ಹರಾಜುಕು ಅಂದರೆ ಈ ಫ್ಯಾಶನ್ನಿಗೆ ಹೆಸರಾದ ಟೋಕಿಯೋದ ಬಡಾವಣೆ. ಡಿಟಿಪಿ ಹುಡುಗ ಅದನ್ನು ತಿದ್ದಿ ‘ಹನೋಯ್‌ನಲ್ಲೊಂದು ಹರಾಜು’ ಮಾಡಿದ್ದಾನೆ. ಇದಕ್ಕೂ ಏನಾದರೂ ಹೇಳಿ.

ಮೈಸೂರಿನ ಮೇಷ್ಟ್ರು, 9.42

ಹುಡುಗನನ್ನು ಬೈಯಬೇಡಿ. ತೆಲುಗಿನಲ್ಲಿ ‘ಹರಾಜುಕು’ ಅಂದರೆ ‘ಹರಾಜಿಗೆ’ ಎಂದೇ ಅರ್ಥ. ಹರಾಜು ಅರಬ್ಬಿಯಿಂದ ಬಂದ ಪದ. ಟೋಕಿಯೋದ ಹರಾಜುಕುವಿಗೂ ಅದಕ್ಕೂ ನಂಟಿಲ್ಲ.

ಜಪಾನಿ ಪದದಲ್ಲಿ ‘ಹರ’ ಎಂದರೆ ಬಯಲು, ‘ಶುಕು’ ಎಂದರೆ ದಾರಿಹೋಕರು ತಂಗುವ ಜಾಗ. ಶುಕು ಇಲ್ಲಿ ಜುಕು ಆಗಿದೆ, ಗಮನಿಸಿ. ಶಿಂಜುಕುವಿನಲ್ಲೂ ಹಾಗೇ. ಮುನ್ + ಸೆರಗು = ಮುಂಜೆರಗು. ಇದೇ ಆದೇಶ ಸಂಧಿ! ಉತ್ತರಪದದ ಮೊದಲ ಅಕ್ಷರ ಮೆತ್ತಗಾಗುವುದು ನಮ್ಮಲ್ಲೂ ಅವರಲ್ಲೂ ಒಂದೇ ರೀತಿ. ಈ ಬಗ್ಗೆ ಇಲ್ಲಿ ಹಿಂದೆಯೂ ಬರೆದಿದ್ದೆ, ಯಾರೂ ಓದಲಿಲ್ಲ.

ಬೆಂಗಳೂರಿನ ಅನುವಾದಕಿ, 9.50

ಮೇಷ್ಟ್ರೇ, ಮುಂಜೆರಗು ಚೆನ್ನಾಗಿದೆ. ಬೋರ್ಡಿಗೆ ಪದ?

ಶಿವಮೊಗ್ಗದಿಂದ, 10.15

‘ಕೇರಿಯುಡುಗೆ’. ಒಂದೇ ಪದ, ಅಚ್ಚಗನ್ನಡ, ಮಹಾಪ್ರಾಣ ಇಲ್ಲ. ‘ಬೀದಿ’ ಸಂಸ್ಕೃತದ ‘ವೀಥಿ’ಯಿಂದ ಬಂದದ್ದು, ಬೇಡ. ಶೈಲಿ, ವಸ್ತ್ರ, ವಿನ್ಯಾಸ ಯಾವುದೂ ಬೇಡ. ‘ಫ್ಯಾಶನ್’ ಅಂತೂ ಬೇಡವೇ ಬೇಡ. ಎರಡು ಸಾವಿರ ವರುಶದ ನುಡಿಗೆ ಒಂದು ಬಟ್ಟೆಯ ಹೆಸರು ಹುಟ್ಟಿಸಲು ಆಗುವುದಿಲ್ಲವೇ?

ಧಾರವಾಡದಿಂದ, 10.31

ಕೇರಿ ಅಂದರೆ ನಮ್ಮ ಓದುಗರಿಗೆ ಯಾವ ಕೇರಿ ನೆನಪಾಗುತ್ತದೆ, ಆ ಹೆಸರನ್ನು ಯಾರು ಯಾರಿಗೆ ಅಂಟಿಸಿದರು ಅಂತ ಒಂದು ನಿಮಿಷ ಯೋಚಿಸಿ ಬರೆಯಬೇಕಿತ್ತು. ಅಚ್ಚಗನ್ನಡ ಅಂದ ಮಾತ್ರಕ್ಕೆ ತೊಳೆದ ಮುತ್ತಲ್ಲ. ಬೇಕಿದ್ದರೆ ‘ಓಣಿ’ ಅನ್ನಿ.

ಇನ್ನು ‘ಉಡುಗೆ’. ಸೀರೆ ಉಡ್ತಾರ, ಧೋತರ ಉಡ್ತಾರ. ಫ್ರಾಕು ತೊಡ್ತಾರ. ಇಷ್ಟು ಗೊತ್ತಿಲ್ಲದವರು ಹೊಸ ಪದ ಕಟ್ಟಲಿಕ್ಕೆ ಯಾಕೆ ಹೋಗಬೇಕು?

ಉಡುಪಿಯಿಂದ, 10.58

ಎಂತ ಜಗಳ ಮಾರಾಯ್ರೇ. ‘ವೇಷ’ ಅಂತ ಒಂದು ಪದ ಉಂಟಲ್ಲ. ನವರಾತ್ರಿಯಲ್ಲಿ, ಅಷ್ಟಮಿಯಲ್ಲಿ ನಮ್ಮ ಹುಡುಗರು ವೇಷ ಹಾಕಿ ಬೀದಿಗೆ ಬರುವುದಿಲ್ಲವಾ? ‘ಬೀದಿ ವೇಷ’. ಘಟ್ಟದ ಮೇಲಿನವರಿಗೆ ವೇಷ ಅಂದರೆ ಮೋಸ. ನಮಗೆ ಹಾಗಲ್ಲ.

ಸೈಗಾನಿನಿಂದ, ಮಧ್ಯಾಹ್ನ 1.20

ಇಲ್ಲಿ ಆರು ವರ್ಷದಿಂದ ಗಾರ್ಮೆಂಟ್ಸ್ ಕೆಲಸದಲ್ಲಿದ್ದೇನೆ. ಊಟದ ಹೊತ್ತಿನಲ್ಲಿ ಬರೆಯುತ್ತಿದ್ದೇನೆ, ಕಾಗುಣಿತ ತಪ್ಪಿದ್ದರೆ ಮೇಷ್ಟ್ರು ಕ್ಷಮಿಸಬೇಕು.

ಅಕ್ಕ, ದಯವಿಟ್ಟು ‘ವೇಷ’ ಮಾತ್ರ ಹಾಕಬೇಡಿ. ನಿಮ್ಮ ಚಿತ್ರದ ಹುಡುಗಿಯ ತೊಡುಗೆಗೆ ಅವರ ಬಳಗದಲ್ಲಿ ‘ಲೋಲಿತಾ’ ಅನ್ನುತ್ತಾರೆ. ಅವಳನ್ನು ‘ಇದು ಕಾಸ್‌ಪ್ಲೇನಾ?’ ಅಂತ ಕೇಳಿದರೆ ಮುಖ ಗಂಟಾಗುತ್ತದೆ. ಕಾಸ್‌ಪ್ಲೇ ಅಂದರೆ ಕಾಮಿಕ್ಸಿನ ಒಂದು ಪಾತ್ರವಾಗುವುದು, ಅದಕ್ಕೆ ವೇಷ ಸರಿ. ಇವಳು ಯಾರ ಪಾತ್ರವನ್ನೂ ಹಾಕಿಲ್ಲ. ತನಗೆ ಬೇಕಾದ್ದನ್ನು ತೊಟ್ಟು ಚಹಾ ಕುಡಿಯಲು ಬಂದಿದ್ದಾಳೆ, ಅಷ್ಟೆ. ಬಿಸಿಲ ಜಾಕೀಟಿನ ವಿಷಯ ನಿಜ. ಸ್ಕೂಟರಿನಲ್ಲಿ ಬರುವಾಗ ಫ್ರಾಕಿನ ಘೇರನ್ನು ತೊಡೆ ಕೆಳಗೆ ಒತ್ತಿಕೊಂಡು ಕೂರುತ್ತಾರೆ, ಇಲ್ಲದಿದ್ದರೆ ಗಾಳಿಗೆ ಕೊಡೆಯಾಗುತ್ತದೆ.

ಇದೆಲ್ಲ ಹೇಗೆ ಬಂತು ಅಂತ ನಿಮ್ಮ ಬರಹದಲ್ಲಿ ಏನಿದೆಯೋ ಗೊತ್ತಿಲ್ಲ. ಸುಮ್ನೆ ‘ಇಂಟರ್‌ನೆಟ್ಟಿನಿಂದ’ ಅಂತ ಬರೆದಿದ್ದರೆ ತೆಗೆಯಿರಿ. 1992ರ ಕೊನೆಯಲ್ಲಿ ಕಿಮ್ ದೋಂಗ್ ಪ್ರಕಾಶನ ಜಪಾನಿನ ಡೋರೆಮಾನ್ ಕಾಮಿಕ್ಸ್ ಪುಸ್ತಕಗಳನ್ನು ವಿಯೆಟ್ನಾಮಿ ಭಾಷೆಯಲ್ಲಿ ತಂದಿತು. ಆ ನೀಲಿ ಬೆಕ್ಕಿನ ಜೊತೆ ಒಂದು ತಲೆಮಾರು ಬೆಳೆಯಿತು. ಆಮೇಲೆ ಜಪಾನಿನದೇ ‘ಓಶಿನ್’ ಟಿವಿ ಧಾರಾವಾಹಿ. ಬಡ ಹುಡುಗಿ ಮನೆಗೆಲಸಕ್ಕೆ ಹೋಗುವ ಕತೆ. ಇಲ್ಲಿ ಅದು ಎಷ್ಟು ಓಡಿತು ಅಂದರೆ ಇವತ್ತಿಗೂ ಮನೆಗೆಲಸದವಳಿಗೆ ವಿಯೆಟ್ನಾಮಿಯಲ್ಲಿ ‘ಓ-ಸಿನ್’ ಅನ್ನುತ್ತಾರೆ. ದಕ್ಷಿಣದಲ್ಲಿ ಹಳಬರಿಗೆ ಬೈಕು ಯಾವ ಕಂಪನಿಯದಾದರೂ ‘ಹೋಂಡಾ’ನೇ. ನಮಗೆ ಮಣ್ಣು ಅಗೆಯುವ ಯಂತ್ರವೆಲ್ಲ ಜೆಸಿಬಿ ಇದ್ದ ಹಾಗೆ. ಜಪಾನಿನ ಸಾಮಾನು ಅಂದರೆ ಗಟ್ಟಿ ಅಂತ ಮನೆಮನೆಯಲ್ಲಿ ನಂಬಿಕೆ. ಬಟ್ಟೆಗೂ ಅದೇ ಅನ್ವಯ.

ಬಟ್ಟೆ ಎಲ್ಲಿಂದ? 2019ರ ಡಿಸೆಂಬರಿನಲ್ಲಿ ಜಪಾನಿನ ಬಟ್ಟೆ ಕಂಪನಿ ಯುನಿಕ್ಲೋ ಇಲ್ಲಿ ದೋಂಗ್ ಖೋಯ್ ರಸ್ತೆಯಲ್ಲಿ ಮೊದಲ ಅಂಗಡಿ ತೆರೆಯಿತು. ಆದರೆ ನಿಮ್ಮ ಚಿತ್ರದ ಮಕ್ಕಳಿಗೆ ಅದು ಸಪ್ಪೆ. ಅವರು ಹೋಗುವುದು ಹಳೆ ಬಟ್ಟೆಯ ರಾಶಿಗೆ. ಉತ್ತರದಲ್ಲಿ ಅದನ್ನು ‘ಹಾಂಗ್ ಥುಂಗ್’ ಅನ್ನುತ್ತಾರೆ, ಪೆಟ್ಟಿಗೆ ಮಾಲು ಅಂತ. ದಕ್ಷಿಣದಲ್ಲಿ ‘ದೋ ಸಿ’. ಜಪಾನ್, ಕೊರಿಯಾದಲ್ಲಿ ಉಟ್ಟು ಬಿಟ್ಟ ಬಟ್ಟೆ ಬೇಲುಗಟ್ಟಿ ಬರುತ್ತದೆ. ಹಳೆ ಬಟ್ಟೆಯ ಆಮದಿಗೆ ಇಲ್ಲಿ ನಿಷೇಧವಿದೆ, ಆದರೂ ಕಾಂಬೋಡಿಯಾ ಕಡೆಯಿಂದ ನುಸುಳುತ್ತದೆ. ಬೇಲು ಬಿಚ್ಚುವ ದಿನ ಬೆಳಿಗ್ಗೆಯೇ ಹೋಗಿ ಕೈ ಹಾಕಬೇಕು. ಒಮ್ಮೆ ನಮ್ಮ ಆಫೀಸಿನ ಹುಡುಗಿಯ ಜೊತೆ ಹೋಗಿದ್ದೆ. ಅವಳು ಮೊದಲು ಬಣ್ಣ ನೋಡಲಿಲ್ಲ, ಕಾಲರಿನ ಒಳಗಿನ ಲೇಬಲ್ಲು ತಿರುಗಿಸಿ ಜಪಾನಿ ಅಕ್ಷರ ಇದೆಯಾ ನೋಡಿದಳು. ಆಮೇಲೆ ಹೊಲಿಗೆ. ಕೊನೆಗೆ ಕಂಕುಳು ಮೂಸಿ ನೋಡಿದಳು. ತಂದ ಅಂಗಿಯ ತೋಳು ಕತ್ತರಿಸಿ ಇನ್ನೊಂದಕ್ಕೆ ಹೊಲಿದು, ಮೇಲೆ ತನ್ನ ಅಜ್ಜನ ಬೆಲ್ಟು ಬಿಗಿದಳು. ಇದು ನಿಮ್ಮ ಸ್ಟ್ರೀಟ್ ಫ್ಯಾಶನ್.

ಇನ್ನು ಜನರ ಓಡಾಟ. ಇಲ್ಲಿಂದ ಜಪಾನಿಗೆ ಓದಲು, ದುಡಿಯಲು ಹೋದವರು ಲೆಕ್ಕವಿಲ್ಲ. 2020ರಲ್ಲಿ ಜಪಾನಿನ ವಿದೇಶಿ ಕೆಲಸಗಾರರಲ್ಲಿ ಚೀನಿಯರನ್ನು ಹಿಂದೆ ಹಾಕಿ ವಿಯೆಟ್ನಾಮಿಗಳೇ ಮೊದಲಾದರು. ರಜೆಗೆ ಬಂದಾಗ ಸೂಟ್‌ಕೇಸಿನಲ್ಲಿ ತಂಗಿಗೆ ಒಂದು ಸ್ಕರ್ಟು ಬರದೆ ಇರುತ್ತದಾ?

ಪದದ ಬಗ್ಗೆ ಒಂದೇ ಮಾತು. ಇಂಗ್ಲಿಷಿನವರಿಗೆ ತಲೆಯಿಂದ ಪಾದದವರೆಗೆ ಒಂದೇ ಕ್ರಿಯಾಪದ. ಇಲ್ಲಿ ಹಾಗಲ್ಲ. ಬಟ್ಟೆಗೆ ‘ಮಕ್’, ಟೋಪಿಗೆ ‘ದೊಯ್’, ಕನ್ನಡಕ, ಸರಕ್ಕೆ ‘ದೆಯೋ’. ಚಪ್ಪಲಿಗೆ ಉತ್ತರದಲ್ಲಿ ‘ದಿ’, ದಕ್ಷಿಣದಲ್ಲಿ ‘ಮಾಂಗ್’. ಜಪಾನಿಯಲ್ಲೂ ಅಷ್ಟೇ. ಅಂಗಿಗೆ ‘ಕಿರು’, ಟೋಪಿಗೆ ‘ಕಬುರು’, ಪ್ಯಾಂಟು, ಬೂಟಿಗೆ ‘ಹಕು’. ನಮ್ಮಲ್ಲಿ ಉಡು, ತೊಡು, ಮುಡಿ, ಹೊದೆ, ಮೆಟ್ಟು. ಈ ಮಕ್ಕಳು ಮಾಡುವುದೂ ಅದೇ, ಒಂದರ ಮೇಲೊಂದು ಹೇರುವುದು. ‘ಫ್ಯಾಶನ್’ಗೆ ಸಮ ಯಾವುದು ಅಂತ ಹುಡುಕುವ ಬದಲು ಆ ಕ್ರಿಯಾಪದಗಳ ಹತ್ತಿರ ಹುಡುಕಿ ಅಂತ ನನಗನ್ನಿಸುತ್ತದೆ.

ಮೈಸೂರಿನ ಮೇಷ್ಟ್ರು, 1.34

ಹಕು! ಬೂಟು ‘ಹಕು’! ಚಪ್ಪಲಿ ‘ಹಾಕು’! ನಮ್ಮ ‘ಹಾಕು’ವಿನ ಹಳೆಯ ರೂಪ ‘ಹಾಯ್ಕು’. ನಮ್ಮ ಹಕಾರ ಹಿಂದೆ ಪಕಾರ, ಪಾಲು ಹಾಲಾಯಿತು. ಜಪಾನಿನ ಹಕಾರವೂ ಹಿಂದೆ ಪಕಾರವೇ ಆಗಿತ್ತು, ತಿಳಿದವರನ್ನು ಕೇಳಿ. ಇನ್ನೇನು ಬೇಕು?

ಧಾರವಾಡದಿಂದ, 1.41

ಸಾಕು ಮೇಷ್ಟ್ರೇ. ಜಪಾನಿನ ಭಾಷಾ ವಿದ್ವಾಂಸ ಸುಸುಮು ಓನೋ ಜಪಾನಿಗೂ ತಮಿಳಿಗೂ ಹೀಗೇ ಗಂಟು ಹಾಕಲು ಹೋದರು. ಭಾಷಾಶಾಸ್ತ್ರದವರು ಹೆಚ್ಚಿನವರು ಒಪ್ಪಲಿಲ್ಲ. ಎರಡು ಪದ ಒಂದೇ ಥರ ಕೇಳಿಸಿದರೆ ಅಣ್ಣತಮ್ಮ ಆಗುವುದಿಲ್ಲ.

ಮೈಸೂರಿನ ಮೇಷ್ಟ್ರು, 1.44

ನಾನು ಅಣ್ಣತಮ್ಮ ಎನ್ನಲಿಲ್ಲ. ಗಮನಿಸಿ ಎಂದೆ.

ಶಿವಮೊಗ್ಗದಿಂದ, 2.05

ಸೈಗಾನಿನ ಗೆಳೆಯರೇ, ಒಂದು ಕೇಳ್ವಿ. ಆ ನಾಡಿನವರು ಸ್ಟ್ರೀಟ್ ಫ್ಯಾಶನ್ ಅಂತ ಇಂಗ್ಲಿಶನ್ನೇ ಹೇಳುತ್ತಾರೋ, ತಮ್ಮ ನುಡಿಯಲ್ಲಿ ಹೇಳುತ್ತಾರೋ? ಜಪಾನಿನವರಂತೂ ತಮ್ಮ ನುಡಿಯಲ್ಲೇ ಹೇಳುತ್ತಿರಬೇಕು. ಅವರ ನುಡಿಯೊಲವು ನಮಗೆ ಪಾಟವಾಗಲಿ.

ಸೈಗಾನಿನಿಂದ, 2.30

ಸಾರ್, ತಿರುಗಾಮುರುಗಾ ಆಗಿದೆ. ಜಪಾನಿನವರು ‘ಸುತೋರೀತೋ ಫಶ್ಶೋನ್’ ಅನ್ನುತ್ತಾರೆ, ಇಂಗ್ಲಿಷನ್ನೇ ಅಗಿದು ನುಂಗಿದ್ದಾರೆ. ವಿಯೆಟ್ನಾಮಿಗಳು ‘ಥೊಯ್ ಚಾಂಗ್ ದುಯೊಂಗ್ ಫೋ’ ಅಂತ ತಮ್ಮದನ್ನು ಹೇಳುತ್ತಾರೆ. ಆದರೆ ಆ ‘ಥೊಯ್ ಚಾಂಗ್’ ಚೀನಿಯಿಂದ ಬಂದದ್ದು. ಥೊಯ್ ಅಂದರೆ ಕಾಲ, ಚಾಂಗ್ ಅಂದರೆ ಸಿಂಗಾರ. ನಮಗೆ ಸಂಸ್ಕೃತ ಹೇಗೋ ಅವರಿಗೆ ಚೀನಿ ಹಾಗೆ.

ಧಾರವಾಡದಿಂದ, 2.33

ಪಾಠ ಆಯಿತಾ?

ಶಿವಮೊಗ್ಗದಿಂದ, 2.50

ಅವರು ಎರವಲು ತಂದರೆ ನಾವೂ ತರಬೇಕು ಅನ್ನುವುದು ಯಾವ ವಾದ? ಈ ಗುಂಪಿನಲ್ಲಿ ಕೆಲವರಿಗೆ ಕನ್ನಡದ ಪದ ಅಂದರೆ ನಗು, ಇಂಗ್ಲಿಶ್ ಅಂದರೆ ಮರ್‍ಯಾದೆ. ಬಸ್ಸು, ಕಾರು ಬಂದಾಗ ಸುಮ್ಮನಿದ್ದೆವು. ಈಗ ಅನ್ನ ರೈಸಾಯಿತು.

ಉಡುಪಿಯಿಂದ, 2.58

ಅನ್ನವನ್ನೂ ಬಿಡಿ ಮತ್ತೆ, ಅದೂ ಸಂಸ್ಕೃತ. ಕೂಳು ಉಣ್ಣುವ.

ಬೆಂಗಳೂರಿನ ಅನುವಾದಕಿ, 3.15

ಜಗಳಕ್ಕೆ ಬೇರೆ ಎಳೆ ತೆರೆಯಿರಿ, ದಯವಿಟ್ಟು. ನನಗೆ ಇನ್ನು ಒಂದು ದಿನ ಇದೆ.

ಸೈಗಾನಿನ ತಮ್ಮನಿಗೆ ಥ್ಯಾಂಕ್ಸ್. ವೇಷ ಬಿಟ್ಟೆ. ‘ತೊಟ್ಟು ಬೀದಿಗಿಳಿದವರು’ ಅಂತ ಒಂದು ಬಂತು. ಆದರೆ ‘ಬೀದಿಗಿಳಿದರು’ ಅಂದರೆ ನಮ್ಮಲ್ಲಿ ಧರಣಿ, ಮುಷ್ಕರ. ಓದಿದವರು ಬಾವುಟ ಹುಡುಕುತ್ತಾರೆ. ಅಂಗಡಿಯ ಬೋರ್ಡಿನವರನ್ನು ಕೇಳಿದೆ. ಅವರು ‘ಸ್ಟ್ರೀಟ್ ಫ್ಯಾಶನ್ ಅಂತ ಹಾಗೇ ಹಾಕಿ ಮೇಡಂ, ಎಲ್ಲರಿಗೂ ಅರ್ಥ ಆಗುತ್ತೆ’ ಅಂದರು. ಅದು ಕೊನೆಯ ದಾರಿ.

ಒಂದು ಅನುಮಾನ. ಈ ‘ಸ್ಟ್ರೀಟ್’ ಅಂದರೆ ನಿಜವಾಗಿ ಯಾವ ರಸ್ತೆ?

ಸೈಗಾನಿನಿಂದ, ಸಂಜೆ 6.40

ಕೆಲಸ ಮುಗಿಸಿ ಕೂತೆ. ಒಳ್ಳೆ ಪ್ರಶ್ನೆ ಅಕ್ಕ.

ಅದು ಗಾಡಿ ಓಡುವ ರಸ್ತೆ ಅಲ್ಲ. ಹರಾಜುಕುವಿನಲ್ಲಿ ಭಾನುವಾರ ಗಾಡಿ ನಿಲ್ಲಿಸಿ ರಸ್ತೆಯನ್ನು ನಡೆಯುವವರಿಗೆ ಬಿಡುತ್ತಿದ್ದರು. ‘ನಡೆಯುವವರ ಸ್ವರ್ಗ’ ಅಂತಲೇ ಅದರ ಹೆಸರು. ಅಲ್ಲೇ ಈ ತೊಡುಗೆಗಳು ಬೆಳೆದವು. 1998ರಲ್ಲಿ ಆ ಪದ್ಧತಿ ನಿಂತಿತು. ಅಲ್ಲಿನ ಹುಡುಗ ಹುಡುಗಿಯರನ್ನು ನಿಲ್ಲಿಸಿ ಫೋಟೋ ತೆಗೆದು ಶೋಇಚಿ ಆಓಕಿ ಅನ್ನುವವರು 1997ರಿಂದ ‘ಫ್ರೂಟ್ಸ್’ ಪತ್ರಿಕೆ ತಂದರು. ತೆಗೆಯುವಂಥ ಮಕ್ಕಳೇ ಸಿಗುತ್ತಿಲ್ಲ ಅಂತ 2017ರಲ್ಲಿ ಅದನ್ನೂ ನಿಲ್ಲಿಸಿದರು.

ಇಲ್ಲಿ ನೋಡಿ. ಸೈಗಾನಿನ ನ್ಗುಯೆನ್ ಹುಯೆ ರಸ್ತೆ 2015ರಲ್ಲಿ ನಡೆಯುವವರ ಬೀದಿಯಾಯಿತು. ಹನೋಯ್‌ನ ಕೆರೆಯ ಸುತ್ತ 2016ರಿಂದ ವಾರದ ಕೊನೆಗೆ ಗಾಡಿ ಬಿಡುವುದಿಲ್ಲ. ನಿಮ್ಮ ಚಿತ್ರದ ಹುಡುಗಿ ಕೂತದ್ದು ಅದರ ಪಕ್ಕದಲ್ಲೇ. ಆ ಫ್ರಾಕಿಗೆ ಜಾಗ ಬೇಕಲ್ವಾ! ಸ್ಕೂಟರುಗಳ ನಡುವೆ ಅದನ್ನು ತೊಟ್ಟು ನಡೆಯಲು ಆಗುವುದಿಲ್ಲ.

ಇನ್ನೊಂದು, ಮೇಷ್ಟ್ರಿಗೆ ಇಷ್ಟವಾಗಬಹುದು. ಇಲ್ಲಿ ಬೀದಿಗೆ ಹೇಳುವ ‘ಫೋ’ ಮೂಲದಲ್ಲಿ ಅಂಗಡಿ. ಹನೋಯ್‌ನ ಹಳೆ ಊರಿನಲ್ಲಿ ಬಹಳಷ್ಟು ಬೀದಿಗಳು ಮಾಲಿನ ಹೆಸರಿನವು. ಬೆಳ್ಳಿ ಬೀದಿ, ರೇಷ್ಮೆ ಬೀದಿ, ಹೀಗೆ.

ಧಾರವಾಡದಿಂದ, 7.02

ಅಕ್ಕಿಪೇಟೆ, ಬಳೇಪೇಟೆ, ತರಗುಪೇಟೆ. ‘ಫೋ’ ಅಂದರೆ ಪೇಟೆ, ಮತ್ತೇನು? ಹಳ್ಳಿಯವರು ‘ಪೇಟೆ ಹುಡುಗಿ’ ಅಂದಾಗ ಅದರಲ್ಲಿ ಬಟ್ಟೆಯೂ ಸೇರಿರುತ್ತದೆ. ಬೀದಿಗಿರುವ ಬಡತನ ಪೇಟೆಗಿಲ್ಲ.

ಬೆಂಗಳೂರಿನ ಅನುವಾದಕಿ, ಮರುದಿನ ಮಧ್ಯಾಹ್ನ 3.35

ಹೋಯಿತು ಪ್ರಿಂಟಿಗೆ. ಬೋರ್ಡಿನ ಮೇಲೆ: ಪೇಟೆ ಶೋಕಿ. ಕೆಳಗೆ ಸಣ್ಣಕ್ಷರದಲ್ಲಿ: ‘ತೊಟ್ಟು, ಮುಡಿದು, ಮೆಟ್ಟಿ ಹೊರಟ ಹನೋಯ್, ಸೈಗಾನ್ ಮಕ್ಕಳು’.

ಶೋಕಿಯಲ್ಲಿ ಸ್ವಲ್ಪ ಬೈಗುಳ ಇದೆ, ಗೊತ್ತು. ‘ಏನು ಶೋಕಿ ಮಾಡ್ತೀಯೇ’ ಅಂತ ನಮ್ಮಮ್ಮ ನನಗೂ ಅಂದಿದ್ದಾರೆ. ಆ ಹುಡುಗಿಗೂ ಮನೆಯಿಂದ ಹೊರಡುವಾಗ ಯಾರೋ ಅಂದಿರುತ್ತಾರೆ. ಅದಕ್ಕೇ ಇಟ್ಟೆ. ಮೇಷ್ಟ್ರೇ, ‘ಹರಾಜುಕು’ವಿನ ಕು ಉಳಿದಿದೆ, ಮೂರು ಸಲ ನೋಡಿದೆ.

ಶಿವಮೊಗ್ಗದಿಂದ, 3.52

ಶೋಕಿ ಅರಬ್ಬಿ. ‘ಶೌಕ್’. ನನ್ನ ಹೆಸರನ್ನು ನೆರವಾದವರ ಪಟ್ಟಿಯಲ್ಲಿ ಹಾಕಬೇಡಿ.

ಉಡುಪಿಯಿಂದ, 4.10

ನನ್ನದು ಹಾಕಬಹುದು.

ಮೈಸೂರಿನ ಮೇಷ್ಟ್ರು, 4.26

ಪೇಟೆ ಕನ್ನಡದ್ದೇ ಎಂದು ಎಲ್ಲರೂ ಒಪ್ಪಿದಂತಿದೆ. ಮರಾಠಿಯ ‘ಪೇಠ’ವನ್ನು ಯಾರಾದರೂ ನೋಡಿದಿರಾ? ಇದನ್ನು ಇಷ್ಟಕ್ಕೆ ಬಿಡುವಂತಿಲ್ಲ. ರಾತ್ರಿ ಊಟವಾದ ಮೇಲೆ ಬೇರೆ ಎಳೆಯಲ್ಲಿ ಬರೆಯುತ್ತೇನೆ.